ಇಪ್ಪತ್ತೆರಡು ಸಲ ಬಂದ ಸುದ್ದಿ

"ಜಲ್ದಿ ಅಣ್ಣಾ! ಸಾಹೇಬ್ರ ಜೀಪು ಬಂದ್ರೆ ಇಬ್ರೂ ಸಿಗಾಕ್ಕಂತೀವಿ!"

ಏಕನಾಥಮ್ಮ ಬಾಗಿಲ ಸಂದಿಗೆ ಒಂದು ಕಣ್ಣಿಟ್ಟು ಪಿಸುಗುಟ್ಟಿದಳು. ಅವಳ ತಲೆಪಿನ್ನು ನನ್ನ ಬೆರಳುಗಳ ನಡುವೆ ಇತ್ತು. ನನ್ನ ಮುಂದೆ ದುರ್ಗದ ಕಂಪ್ಯೂಟರ್ ಕೇಂದ್ರದ ಆಳೆತ್ತರದ ಕಬ್ಬಿಣದ ಬೀರು.

ದುರ್ಗದ ಕೋಟೆಯ ಬಾಗಿಲಿಗೆಲ್ಲ ಬೀಗ ಜಡಿದು ನನ್ನನ್ನು ಏಳು ಸುತ್ತಿನ ಒಳಗೆ ಕೂಡಿ ಹಾಕಿದರೂ ಸಂಜೆ ಕಾಫಿಯ ಹೊತ್ತಿಗೆ ಪೇಟೆಯಲ್ಲಿರುವ ಆಸಾಮಿ ನಾನು, ಪತ್ತೇದಾರ ಓಬಳೇಶಪ್ಪ. ನನಗೆ ಈ ಬೀರು ಯಾವ ಲೆಕ್ಕ? ಪಿನ್ನನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುವಿದೆ. ಕಿವಿಯಾನಿಸಿ ಕೇಳಿದೆ. ಮೂರನೆಯ ಸಲಕ್ಕೆ ಬಾಗಿಲು ಕಿರ್ರೆಂದು ತೆರೆದುಕೊಂಡಿತು.

"ಇದಕ್ಕೆ ನಾನೇ ಬರಬೇಕಿತ್ತೇನಮ್ಮ? ನನ್ನ ಮೀಸೆಯ ಒಂದು ಕೂದಲು ಕಳಿಸಿದ್ರೆ ಸಾಕಾಗಿತ್ತು," ಎಂದೆ.

ಬೀರುವಿಗೆ ಬೀಗ ಹಾಕಿರಲೇ ಇಲ್ಲ. ಅವತ್ತು ಆ ಮಾತನ್ನು ಏಕನಾಥಮ್ಮನಿಗೆ ಹೇಳಲಿಲ್ಲ. ಅವತ್ತಿನ ಮಟ್ಟಿಗೆ ಅದು ನಾನು ಬಚ್ಚಿಟ್ಟ ಅತಿ ಚಿಕ್ಕ ಸಂಗತಿ.

ಅದಕ್ಕೆ ಹತ್ತು ದಿನ ಮುಂಚೆ ಒಂದು ಮಂಗಳವಾರ, ಮಾಡದಕೆರೆಯ ಹಳ್ಳದಲ್ಲಿ ಕುರಿಗಾರ ನಿಂಗಪ್ಪ ಕೊಚ್ಚಿಹೋದ; ಮಳೆಯ ಎಚ್ಚರಿಕೆ ಬಂದರೂ ಹೊಸದುರ್ಗ ಕೇಂದ್ರದ ಆಪರೇಟರ್ ಏಕನಾಥಮ್ಮ ಅದನ್ನು ಮುಟ್ಟಿಸದೆ ಕುಳಿತಳೆಂದು ಅವಳನ್ನು ಸಸ್ಪೆಂಡ್ ಮಾಡಿದ್ದರು. ಅವತ್ತು ನಾಲ್ಕು ಗಂಟೆಗೆ ವಿಚಾರಣೆ. ಗೋಡೆಯ ಗಡಿಯಾರದಲ್ಲಿ ಆಗಲೇ ಮೂರು.

ಬೀರುವಿನೊಳಗೆ ಹೊಸದುರ್ಗದ ಟೆಲಿಪ್ರಿಂಟರಿನಿಂದ ಕಿತ್ತು ತಂದ ಕಾಗದದ ಸುರುಳಿ ಇತ್ತು. ಬಿಚ್ಚಿದರೆ ದುರ್ಗದಿಂದ ಹೊಳಲ್ಕೆರೆಯವರೆಗೆ ರಸ್ತೆಗೆ ಹಾಸಬಹುದಾದಷ್ಟು ಕಾಗದ. ಹೋಗಲಿ, ಆ ಕೋಣೆಯ ನೆಲದ ತುಂಬ ಹಾಸಬಹುದಾದಷ್ಟಂತೂ ಇತ್ತು.

ಗಾಳಿಮಳೆಗೆ ಕಂಬ ಬಿದ್ದರೆ ಫೋನು ಸಾಯುತ್ತದೆ. ಅದಕ್ಕೇ ಆ ವರ್ಷ, ಎಪ್ಪತ್ತೆಂಟರಲ್ಲಿ, ದುರ್ಗದಲ್ಲಿ ಒಂದು ಕಂಪ್ಯೂಟರ್ ಕೂರಿಸಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಟೆಲಿಪ್ರಿಂಟರ್ ಇಟ್ಟು, ಆಕಾಶದ ಉಪಗ್ರಹಕ್ಕೆ ಸುದ್ದಿ ಎಸೆದು ಮತ್ತೆ ಕೆಳಗೆ ಹಿಡಿಯುವ ಪ್ರಯೋಗ ಶುರುಮಾಡಿದ್ದರು. ಮಾಳಿಗೆಯ ಮೇಲಿನ ತಟ್ಟೆಯಂಥ ಆಂಟೆನಾವನ್ನು ಜನ ಬಾಣಲೆ ಎನ್ನುತ್ತಿದ್ದರು. ಇಡೀ ಜಿಲ್ಲೆಗೆ ಒಂದೇ ಸಲಕ್ಕೆ ಬೋಂಡ ಕರಿಯುವಂಥ ಬಾಣಲೆ!

ಆ ಮಂಗಳವಾರ ನಾನು ಊರಲ್ಲಿದ್ದಿದ್ದರೆ ಹಳ್ಳವನ್ನೇ ಗುಡ್ಡಕ್ಕೆ ವಾಪಸು ಹತ್ತಿಸುತ್ತಿದ್ದೆ. ಏನು ಮಾಡುವುದು, ನಾನು ಹಿರಿಯೂರಿನಲ್ಲಿ ತೆಂಗಿನಕಾಯಿ ಕಳ್ಳರ ಒಂದು ದಂಡನ್ನೇ ಒಂಟಿಯಾಗಿ ಹಿಡಿದು, ಆ ಸುದ್ದಿಯನ್ನು ಜಿಲ್ಲೆಗೆಲ್ಲ ಸಾರುವ ಗಡಿಬಿಡಿಯಲ್ಲಿದ್ದೆ.

"ಕೊನೆಯಿಂದ ನೋಡ್ರಿ ಅಣ್ಣಾ," ಎಂದಳು ಏಕನಾಥಮ್ಮ. "ಹೊರಗಡೆ ಸುತ್ತು ಕೊನೇದು."

ಸುರುಳಿಯ ಹೊರತುದಿಯಲ್ಲಿ ಮೂರೇ ಸಾಲು. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ಬೆಳಕಿಗೆ ಹಿಡಿದು, ಕೈ ಚಾಚಿ, ಕತ್ತು ಹಿಂದಕ್ಕೆಳೆದು ಓದಿದೆ. ಕನ್ನಡಕ ನನ್ನಂಥವರಿಗಲ್ಲ. ಇಲ್ಲಿ ನಿಂತು ಜೋಗಿಮಟ್ಟಿಯ ನವಿಲಿನ ಗರಿ ಎಣಿಸುವವನು ನಾನು.

"ಅತಿ ಜರೂರು. ಗುಡ್ಡದ ಕಡೆ ಭಾರಿ ಮಳೆ. ಹಳ್ಳ ಏರುತ್ತಿದೆ. ಮಾಡದಕೆರೆಗೆ ಕೂಡಲೇ ತಿಳಿಸಿ."

ಅದರ ಕೆಳಗೆ ಎರಡು ವೇಳೆ. ಹೊಳಲ್ಕೆರೆಯಿಂದ ಹೊರಟದ್ದು ಒಂದು ಐವತ್ತೆರಡಕ್ಕೆ. ಹೊಸದುರ್ಗದಲ್ಲಿ ಅಚ್ಚಾದದ್ದು ಮೂರು ಮೂವತ್ತನಾಲ್ಕಕ್ಕೆ.

ನನ್ನ ಮೀಸೆ ತಾನಾಗಿಯೇ ಮೇಲಕ್ಕೆ ತಿರುಗಿತು.

"ಗೆದ್ದೆವು ಕಣಮ್ಮ! ಕಂಪ್ಯೂಟರ್ ಪಟ್ಟಿ ಏನಂತೈತೆ? ಒಂದು ಐವತ್ತಮೂರಕ್ಕೇ ಸುದ್ದಿ ಹೊಸದುರ್ಗ ಮುಟ್ಟಿತು ಅಂತೈತೆ. ಮುಟ್ಟೈತೆ, ಆದ್ರೆ ಕಾಗದಕ್ಕೆ ಬಂದಿಲ್ಲ! ನಿನ್ನ ಕಣ್ಣಿಗೆ ಬಿದ್ದಿದ್ದೇ ಮೂರೂವರೆ ಮೇಲೆ. ನೀನು ಯಾವಾಗ ಫೋನ್ ಮಾಡಿದ್ದು?"

"ಮೂರೂ ಮೂವತ್ತೇಳಕ್ಕೆ. ಹೊಳಲ್ಕೆರೆ ಕಡೆ ಕಂಬ ಬಿದ್ದಿದ್ವು, ಮಾಡದಕೆರೆ ಲೈನು ಇತ್ತು. ತಳವಾರ ತಮಟೆ ತಗಂಡು ಹೊರಡೋ ಹೊತ್ತಿಗೆ..."

ನೀರು ಬಂದದ್ದು ಮೂರು ಗಂಟೆಗೆ.

ಬಾಗಿಲು ಸರಿಯಿತು. ನಾನು ಸುರುಳಿಯನ್ನು ಬೆನ್ನ ಹಿಂದೆ ಮರೆಮಾಡಿದೆ. ಬಂದವಳು ನಿಂಗಪ್ಪನ ಹೆಂಡತಿ ಜುಂಜಮ್ಮ. ಬೆಳಿಗ್ಗೆಯಿಂದ ಹೊರಗಿನ ಜಗಲಿಯಲ್ಲಿ ಕಂಬಳಿ ಹಾಸಿ ಕುಳಿತಿದ್ದಳು. ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಸುದ್ದಿ ಬಚ್ಚಿಟ್ಟ ಹೆಣ್ಮಗಳ ಮುಖ ನೋಡಬೇಕು."

ಈಗ ಆ ಮುಖವನ್ನೇ ನೋಡುತ್ತ ನಿಂತಳು. ಏಕನಾಥಮ್ಮ ತಲೆ ತಗ್ಗಿಸಿದಳು.

"ಒಳಗಿದ್ದು ಕೇಳಿಸ್ತು," ಎಂದಳು ಜುಂಜಮ್ಮ. "ಇವಳದ್ದಲ್ವಾ ತಪ್ಪು?"

"ಅಲ್ಲ ತಾಯಿ."

"ಮತ್ತೆ ಯಾರ್ದು?"

"ಅದನ್ನೇ ನೋಡ್ತೀನಿ," ಎಂದು ಸುರುಳಿಯನ್ನು ಹಿಂದಕ್ಕೆ ಬಿಚ್ಚತೊಡಗಿದೆ. ಎಚ್ಚರಿಕೆಯ ಹಿಂದಿನ ಸುದ್ದಿ ಬಲು ಉದ್ದ. ಮೊಳಗಟ್ಟಲೆ. ಅದರ ಹಿಂದೆ ಇನ್ನೊಂದು, ಅಷ್ಟೇ ಉದ್ದ. ಅದರ ಹಿಂದೆ ಮತ್ತೊಂದು. ಸಾಲುಗಳ ಏರಿಳಿತ ಕೂಡ ಒಂದೇ. ಓದಲೇ ಬೇಕಿರಲಿಲ್ಲ, ಒಂದೇ ಸುದ್ದಿ ಮತ್ತೆ ಮತ್ತೆ ಅಚ್ಚಾಗಿತ್ತು. ಎಣಿಸುತ್ತ ಹೋದೆ. ಕಾಗದ ಮಂಡಿಯವರೆಗೆ ಬಂತು.

"ಇಪ್ಪತ್ತೆರಡು!"

ಇದು ನನ್ನ ಉತ್ಪ್ರೇಕ್ಷೆಯಲ್ಲ. ಬೇಕಾದರೆ ನೀವೇ ಎಣಿಸಿ ಎನ್ನುವ ಹಾಗೂ ಈಗಿಲ್ಲ, ಯಾಕಿಲ್ಲ ಎಂಬುದು ಮುಂದೆ ಬರುತ್ತದೆ.

"ಒಂದೊಂದಕ್ಕೆ ಆರಾರು ನಿಮಿಷ," ಎಂದಳು ಏಕನಾಥಮ್ಮ. "ಒಂದೂ ಇಪ್ಪತ್ತೆರಡಕ್ಕೆ ಶುರುವಾಯ್ತು. ಮೂರೂ ಮೂವತ್ನಾಲ್ಕರ ತನಕ ಒಂದೇ ಸಮ ಬಡಿದೇ ಬಡೀತು. ಎಚ್ಚರಿಕೆ ಅದರ ಹಿಂದೆ ಸರದಿ ಕಾಯ್ತಾ ನಿಂತಿತ್ತು."

"ನೀನು 'ಬಂತು, ಸಾಕು' ಅಂತ ಒಂದು ಮಾತು ತಿರುಗಿ ಹೊಡೀಬಾರದಿತ್ತಾ?"

"ಬರಿಯೋವಾಗ ಆ ಯಂತ್ರ ಮಾತಾಡಲ್ಲ ಅಣ್ಣಾ. ನಾಕು ಸಲ ಹೊಡ್ದೆ. ನಡುವೆ ಉಸಿರು ಬಿಟ್ರಲ್ವಾ ನನ್ನ ಮಾತು ಹೋಗೋದು? 'ಬಂತು' ಅಂತ ನಾನು ಹೇಳಲಿಲ್ಲ ಅಂತ ಅವರು ಮತ್ತೆ ಕಳ್ಸಿದ್ರು. ಅವರು ಮತ್ತೆ ಕಳ್ಸಿದ್ದಕ್ಕೆ 'ಬಂತು' ಅಂತ ನನಗೆ ಹೇಳೋಕಾಗಲಿಲ್ಲ."

ಅದು ಹಳೆಯ ತಂತಿ ಕಚೇರಿಯವರ ರೂಢಿ. ತಂತಿಯಲ್ಲಿ ಟಕ್ಕೆಂದು ಕುಟ್ಟಿದರೆ ಆ ಕಡೆಯಿಂದ ಟಕ್ಕೆಂದು ಉತ್ತರ ಬರಬೇಕು. ಬರಲಿಲ್ಲವೆಂದರೆ ಮುಟ್ಟಿಲ್ಲವೆಂದೇ ಅರ್ಥ, ಇನ್ನೊಮ್ಮೆ ಕುಟ್ಟು. ಇಪ್ಪತ್ತು ವರ್ಷ ಹಾಗೆ ಕುಟ್ಟಿದ ಕೈಗಳನ್ನೇ ತಂದು ಈ ಹೊಸ ಯಂತ್ರಗಳ ಮುಂದೆ ಕೂರಿಸಿದ್ದರು. ಹಿರಿಯೂರಿನ ಮಾರಣ್ಣ ಅಂಥವನೇ. ಒಳ್ಳೆಯ ಮನುಷ್ಯ, ನನ್ನ ಸಾಹಸಗಳನ್ನು ಬಾಯಿ ಬಿಟ್ಟುಕೊಂಡು ಕೇಳುವವನು. ಅವನೂ ಸಾಕ್ಷಿಗೆಂದು ಬಂದು ಹೊರಗೆ ಬೀಡಿ ಸೇದುತ್ತ ಕುಳಿತಿದ್ದ.

ಜುಂಜಮ್ಮ ನೆಲದ ಮೇಲಿನ ಕಾಗದವನ್ನು ತುಳಿಯದಂತೆ ಸುತ್ತಿಕೊಂಡು ಬಂದು ಕುಳಿತಳು.

"ಕುರಿ ಕಾದೋರಾದ್ರೆ ಹಿಂಗೆ ಮಾಡ್ತಿರಲಿಲ್ಲ," ಎಂದಳು.

"ಏನು ತಾಯಿ?"

"ಹಳ್ಳದಿಂದ ಮ್ಯಾಕೆ ಬರೋಕೆ ಒಂದೇ ಕಿಂಡಿ ಐತಪ್ಪ. ಎರಡೂ ಕಡೆ ಕಳ್ಳಿ ಬೇಲಿ. ನೂರಾ ಎಂಬತ್ತು ಕುರಿ. ಮೊದಲು ಗಂಟೆ ಕುರಿ ಬಿಡ್ತೀವಿ. ಅದು ಆ ಕಡೆ ಹೋಗಿ ಅದರ ಗಂಟೆ ಸದ್ದು ಈ ಕಡೆ ಕೇಳಬೇಕು. ಕೇಳಿದ ಮ್ಯಾಲೆ ಹತ್ತು ಕುರಿ. ಆ ಹತ್ತು ದಾಟಿದ್ವು ಅಂತ ಗಂಟೆ ಅಲ್ಲಾಡಿಸಿದ್ರೆ ಇನ್ನು ಹತ್ತು. ಹಿಂದೆ ನಿಂತು ಕೂಗಿ ಅಟ್ಟಿದ್ರೆ ಎಲ್ಲಾ ಒಂದೇ ಸಲ ಕಿಂಡಿಗೆ ನುಗ್ಗಿ ಕಚ್ಕಂಡು, ಒಂದೂ ಆಚಿಗೆ ಹೋಗಲ್ಲ."

ಅವಳು ಕೈಯ ಬಳೆಯಿಲ್ಲದ ಜಾಗವನ್ನು ಉಜ್ಜಿಕೊಂಡಳು.

"ಅವತ್ತು ಗಂಟೆ ಹಿಡ್ಕಂಡು ಮ್ಯಾಗೆ ನಿಂತೋಳು ನಾನೇ. ನೀರಿನ ಸದ್ದು ಕೇಳ್ತಿತ್ತು. 'ಬಿಟ್ಟು ಬಾರೋ' ಅಂತ ಕೂಗ್ದೆ. ಅವನು ನನ್ನ ಗಂಟೆ ಕಾಯ್ತಾ ಹತ್ತತ್ತೇ ಬಿಟ್ಟ. ಅವಸರ ಬಿದ್ರೆ ಒಂದೂ ಉಳಿಯಲ್ಲ ಅಂತ ಅವನಿಗೆ ಗೊತ್ತಿತ್ತು. ನೂರಾ ಎಪ್ಪತ್ತು ಬಂದ್ವು. ಇನ್ನೊಂದು ಸಲ ಗಂಟೆ ಅಲ್ಲಾಡಿಸ್ದೆ. ಯಾರೂ ಬರಲಿಲ್ಲ."

ಏಕನಾಥಮ್ಮ ಬಾಗಿಲ ಹತ್ತಿರ ನಿಂತೇ ಅಳುತ್ತಿದ್ದಳು.

"ಅರ್ಧ ಗಂಟೆ ಮುಂಚೆ ತಮಟೆ ಬಿದ್ದಿದ್ರೆ ಸಾಕಾಗಿತ್ತು ಕಣಪ್ಪ," ಎಂದಳು ಜುಂಜಮ್ಮ. "ಅವನು ನಿಧಾನಕ್ಕೇ ಎಲ್ಲಾ ಹತ್ತಿಸಿಬಿಡ್ತಿದ್ದ."

ನನಗೆ ರಕ್ತ ಕುದಿಯಿತು. ಎದೆ ತಟ್ಟಿ ಹೇಳಿದೆ: "ತಾಯಿ, ಈ ಓಬಳೇಶಪ್ಪನ ಮಾತು ಕೇಳು. ಹಿಂದೆ ನಿಂತು ಕೂಗಿ ಅಟ್ಟಿದೋನು ಯಾವನೇ ಆಗ್ಲಿ, ಪಾತಾಳದಾಗೆ ಅಡಗಿದ್ರೂ ಜುಟ್ಟು ಹಿಡಿದು ಎಳ್ಕಂಡು ಬಂದು, ಸಾಹೇಬ್ರ ಮುಂದೆ ನಿನ್ನ ಕಾಲಿಗೆ ಕೆಡವ್ತೀನಿ!"

ಜುಂಜಮ್ಮ ಕೈ ಮುಗಿದಳು.

ಏಕನಾಥಮ್ಮ ಕಣ್ಣೊರೆಸಿಕೊಂಡು ನನ್ನ ಪಕ್ಕಕ್ಕೆ ಬಂದಳು. ಸುರುಳಿಯ ಅತಿ ಒಳಗಿನ, ಮೊದಲನೆಯ ಪ್ರತಿಯನ್ನು ಎತ್ತಿ ಕೈಗೆ ಕೊಟ್ಟಳು.

"ಅದು ಯಾವ ಸುದ್ದಿ ಅಂತ ನೀವು ಕೇಳಲೇ ಇಲ್ಲ ಅಣ್ಣಾ. ಮೊದಲನೇ ದಿನ ನಿಮ್ಮ ಮನೇಲಿ ಹೇಳಿದ್ದೆ, 'ಯಾವುದೋ ಉದ್ದನೆ ಸುದ್ದಿ ಬಡೀತಿತ್ತು' ಅಂತ. ನೀವು 'ಆಮೇಲೆ?' ಅಂದ್ರಿ ಅಷ್ಟೇ. ಈಗ ಓದ್ರಿ."

ಓದಿದೆ. ಕೈ ಚಾಚಿ ಓದಿದೆ. ಹತ್ತಿರ ತಂದು ಓದಿದೆ.

"ಅತಿ ಜರೂರು. ಜಿಲ್ಲೆಯ ಹೆಮ್ಮೆಯ ಪತ್ತೇದಾರ ಓಬಳೇಶಪ್ಪನವರು ಹಿರಿಯೂರಿನಲ್ಲಿ ಹನ್ನೆರಡು ಮಂದಿ ತೆಂಗಿನಕಾಯಿ ಕಳ್ಳರನ್ನು ಏಕಾಂಗಿಯಾಗಿ ಸದೆಬಡಿದು..."

ನಾಲ್ಕು ನೂರು ಮಾತು. ಎಲ್ಲ ನಾನೇ ಹೇಳಿ ಬರೆಸಿದ್ದು.

ಹನ್ನೆರಡು ಮಂದಿ ಇರಲಿಲ್ಲ. ಒಬ್ಬನೇ ಇದ್ದ. ಅವನೂ ಕುಂಟ. ಮರದಿಂದ ಇಳಿಯಲಾರದೆ ತಾನೇ ನನ್ನನ್ನು ಕೂಗಿ ಕರೆದಿದ್ದ.

ಎಲ್ಲ ನೆನಪಾಯಿತು. ಹಿರಿಯೂರು ಕೇಂದ್ರದಲ್ಲಿ ಮಾರಣ್ಣನ ಹೆಗಲ ಮೇಲೆ ಕೈಹಾಕಿ ನಿಂತಿದ್ದೆ. "ಜರೂರು ಅಂತ ಹಾಕೋ ಮಾರಣ್ಣ, ಇಲ್ದಿದ್ರೆ ನಾಳೆ ಹೋಗತೈತೆ," ಎಂದವನು ನಾನೇ. ಆ ಗುರುತನ್ನು ಪ್ರಾಣದ ಸುದ್ದಿಗೆ ಮಾತ್ರ ಹಾಕಬೇಕೆಂದು ಅವನು ಗೊಣಗಿದ. "ನನ್ನ ಸುದ್ದಿಗಿಂತ ದೊಡ್ಡ ಪ್ರಾಣ ಯಾವುದಲೇ?" ಎಂದೆ. ಕಳಿಸಿದ. ಹೊಸದುರ್ಗದಿಂದ 'ಬಂತು' ಎಂಬ ಉತ್ತರ ಬರಲಿಲ್ಲ. ನನ್ನ ಪ್ರತಾಪಕ್ಕೆ ಉತ್ತರ ಬರುವುದಿಲ್ಲವೆಂದರೇನು? "ಇನ್ನೊಂದ್ಸಲ ಒತ್ತೋ," ಎಂದೆ. ಮತ್ತೆ ಒತ್ತಿದ. ಮತ್ತೆ. ಒಂದೂವರೆಯ ಬಸ್ಸು ಹಾರ್ನ್ ಹೊಡೆಯುವವರೆಗೆ ಒತ್ತಿಸಿದೆ.

"ಯಾರ ಹೆಸರು ಐತಪ್ಪ ಅದ್ರಾಗೆ?" ಓದಲು ಬಾರದ ಜುಂಜಮ್ಮ ಮುಖವೆತ್ತಿ ಕೇಳಿದಳು.

ಕಾಗದದ ಬರಹವನ್ನು ಎದೆಗೆ ಒತ್ತಿ ಮರೆಮಾಡಿದೆ.

ಏಕನಾಥಮ್ಮನ ಕಡೆ ತಿರುಗಿದೆ. "ಗೊತ್ತಿದ್ದೂ ನನ್ನ ಹತ್ರಾನೇ ಬಂದೆಯಾ?"

"ನಿಮ್ಮನ್ನು ಬಿಟ್ಟು ಬೇರೆ ಯಾರು ಈ ಬೀರು ತೆಗಿಯೋ ಧೈರ್ಯ ಮಾಡ್ತಿದ್ರು? ಮೊದಲೇ ಹೇಳಿದ್ರೆ ನೀವು ಬರ್ತಿದ್ರಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಹೊರಗೆ ಬೂಟಿನ ಸದ್ದಾಯಿತು. ಒಳಗೆ ಬಂದವರು ಶಿವಕುಮಾರಪ್ಪ, ಕಂಪ್ಯೂಟರಿನ ಉಸ್ತುವಾರಿ, ಏಕನಾಥಮ್ಮನನ್ನು ಸಸ್ಪೆಂಡ್ ಮಾಡಿದ ಕಾಗದಕ್ಕೆ ಸಹಿ ಹಾಕಿದವರು. ಸದಾ ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಾಯಿ ತೆರೆದ ಬೀರು, ನೆಲದ ಮೇಲಿನ ಕಾಗದ, ನನ್ನ ಮುಖ, ಮೂರನ್ನೂ ಒಂದೇ ನೋಟದಲ್ಲಿ ನೋಡಿದರು. ಕೂಗಾಡಲಿಲ್ಲ.

"ಹೆಣ್ಮಕ್ಕಳು ಹೊರಗೆ ಇರ್ರಿ," ಎಂದರು. ಅವರಿಬ್ಬರೂ ಹೋದ ಮೇಲೆ ಬಾಗಿಲು ಹಾಕಿದರು. "ಕುಂತ್ಕಳ್ರಿ ಓಬಳೇಶಪ್ನೋರೆ."

ಕುಳಿತೆ.

"ನೋಡಿಬಿಟ್ರಾ?"

"ನೋಡಿದೆ."

"ಹೋಗ್ಲಿ ಬಿಡ್ರಿ. ನಿಮಗೆ ಗೊತ್ತಿರಲಿಲ್ಲ." ಅವರು ಕಾಗದವನ್ನು ಕೈಗೆತ್ತಿಕೊಂಡು ಸುತ್ತತೊಡಗಿದರು. "ಈ ಲೈನು ಭಾರೀ ಜೋರು. ಕಣ್ಮುಚ್ಚಿ ಬಿಡೋದ್ರಾಗೆ ಇಡೀ ಸುದ್ದಿ ಹೊಸದುರ್ಗಕ್ಕೆ ಹೋಗಿ ಬಿದ್ದಿರತೈತೆ. ಆದ್ರೆ ಬಿತ್ತು ಅನ್ನೋ ಉತ್ತರ ನಮಗೆ ಬರೋಕೆ ಹೊತ್ತು ಹಿಡಿಯತೈತೆ. ಕೆರೆ ತೂಬು ಎತ್ತಿದಂಗೆ. ಕೊನೇ ಗದ್ದೆಗೆ ನೀರು ಮುಟ್ತೋ ಇಲ್ಲೋ ತೂಬಿನ ಮೇಲೆ ನಿಂತೋನಿಗೆ ಕಾಣಲ್ಲ. ಇನ್ನೂ ಮುಟ್ಟಿಲ್ಲ ಅಂತ ಇನ್ನೊಂದು ಗೇಣು ಎತ್ತತಾನೆ, ಇನ್ನೊಂದು ಗೇಣು. ಆಗಲೇ ಹೊರಟಿದ್ದ ನೀರೆಲ್ಲಾ ಕಾಲುವೆ ತುಂಬಾ ಹರೀತಾನೇ ಇರತೈತೆ."

"ಹಾಗಾದ್ರೆ ಉತ್ತರ ಬರದಿದ್ದಾಗ ಏನು ಮಾಡಬೇಕಿತ್ತು?"

"ಸುಮ್ನಿರಬೇಕಿತ್ತು. ಒಂದು ಬಿಟ್ಟು, ಕಾಯಬೇಕಿತ್ತು. ಉತ್ತರ ತಡ ಆದಷ್ಟೂ ಕೈ ನಿಧಾನ ಮಾಡಬೇಕಿತ್ತು." ಅವರು ಕಿಟಕಿಯ ಕಡೆ ನೋಡಿದರು. "ಮದ್ರಾಸಿನಾಗೆ ಮೂರು ತಿಂಗಳು ಇದನ್ನೇ ಕಲಿಸಿದ್ರು. ಇಲ್ಲಿಯೋರಿಗೆ ಕಲಿಸೋ ಪುಸ್ತಕದಾಗೆ ನಾನೇ ಬರೆದೀನಿ."

ಜುಂಜಮ್ಮನ ಗಂಟೆ ಕುರಿ ನೆನಪಾಯಿತು. ಮೂರು ತಿಂಗಳಾಗಲಿ, ಪುಸ್ತಕವಾಗಲಿ ಇಲ್ಲದೆ ನಿಂಗಪ್ಪ ಕಲಿತಿದ್ದ. ಹಳ್ಳದಲ್ಲಿ ನಿಂತೂ ಮರೆಯದೆ ಪಾಲಿಸಿದ್ದ.

ತಲೆ ತಗ್ಗಿಸಿದವನ ಕಣ್ಣಿಗೆ ಒಂದು ವಿಷಯ ಬಿತ್ತು. ಇಲ್ಲಿ ನನ್ನ ಬಡಾಯಿ ಇಲ್ಲ. ತಗ್ಗಿಸಿದ ತಲೆಗೆ ಅದು ತಾನಾಗಿ ಕಂಡಿತು. ಶಿವಕುಮಾರಪ್ಪನವರು ಪ್ರತಿಯೊಂದು ಪ್ರತಿಯ ಬುಡ ಬಂದಾಗಲೂ ಅದರ ಮೇಲೆ ಹೆಬ್ಬೆರಳಿಟ್ಟು ಸುತ್ತುತ್ತಿದ್ದರು.

"ಬೆರಳು ತೆಗೀರಿ ಸಾರ್."

"ಏನು?"

"ಹೆಬ್ಬೆರಳು."

ತೆಗೆಯಲಿಲ್ಲ. ನಾನು ನನ್ನ ಕೈಯಲ್ಲಿದ್ದ ಮೊದಲನೆಯ ಪ್ರತಿಯ ಬುಡ ನೋಡಿದೆ. ಕಳಿಸಿದ ಊರು, ಕಳಿಸಿದವರ ಕೈಗುರುತು: ಹಿರಿಯೂರು, ಮಾ. ಮಾರಣ್ಣ. ಎರಡನೆಯದು, ಮಾ. ಹೀಗೆ ಒಂಬತ್ತು. ಹತ್ತನೆಯದರಲ್ಲಿ ಊರು ಬೇರೆ, ಕೈ ಬೇರೆ.

ದುರ್ಗ, ಶಿ.

ಹನ್ನೊಂದನೆಯದೂ ಶಿ. ಹತ್ತರಿಂದ ಇಪ್ಪತ್ತೆರಡರ ತನಕ ಹದಿಮೂರೂ ಶಿ.

ಶಿವಕುಮಾರಪ್ಪನವರ ಇಸ್ತ್ರಿ ಅಂಗಿಯೊಳಗಿನ ಮನುಷ್ಯ ಸಟ್ಟನೆ ಕುಗ್ಗಿದ. ಕುರ್ಚಿಗೆ ಕೈಯೂರಿ ಕುಳಿತರು.

"ಜರೂರು ಸುದ್ದಿಗೆ ಹತ್ತು ನಿಮಿಷದಾಗೆ ಉತ್ತರ ಬರಬೇಕು ಅಂತ ರೂಲು. ಉತ್ತರ ಬರದ ಸುದ್ದಿ ಎಷ್ಟು ಅಂತ ಮೇಲಿನೋರು ಎಣಿಸ್ತಾರೆ. ಪ್ರಯೋಗ ಸೋತಿತು ಅಂತ ಬಾಣಲೆ ಕಿತ್ಕಂಡು ಹೋಗ್ತಾರೆ ಅಂತ ಹೆದರಿದೆ. ಹೊಸದುರ್ಗ ಮಾತಾಡ್ತಿಲ್ಲ, ಲೈನು ಸೋತೈತೆ ಅಂದ್ಕಂಡೆ. ಇಲ್ಲಿಂದಲೇ ಮತ್ತೆ ಕಳಿಸು ಅಂತ ಕಂಪ್ಯೂಟರಿನಾಗೆ ಒತ್ತಿದೆ. ನಾನು, ಪುಸ್ತಕ ಬರೆದೋನು, ಹೊಳಲ್ಕೆರೆ ಎಚ್ಚರಿಕೆ ಹೊರಡೋಕೆ ಮುಂಚೆಯೇ ಹದಿಮೂರು ಸಲ ಒತ್ತಿದೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಒಂಬತ್ತಷ್ಟೇ ಆಗಿದ್ದರೆ ಎರಡು ಹದಿನಾರಕ್ಕೆ ಮುಗಿಯುತ್ತಿತ್ತು. ಎಚ್ಚರಿಕೆ ಆಗಲೇ ಅಚ್ಚಾಗುತ್ತಿತ್ತು. ನೀರು ಬರಲು ಇನ್ನೂ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ಎದೆ ಹಗುರಾಯಿತು. ಒಂದು ಗಳಿಗೆ, ಒಂದೇ ಗಳಿಗೆ. ಆ ಹಗುರಕ್ಕೆ ನಾನು ಇವತ್ತಿಗೂ ನಾಚುತ್ತೇನೆ. ಅವರ ಹದಿಮೂರಕ್ಕೆ ದಾರಿ ತೋರಿಸಿದ್ದು ನನ್ನ ಒಂಬತ್ತು. ಆ ಸುದ್ದಿಯೇ ಸುಳ್ಳು. ಜರೂರು ಎಂಬ ಗುರುತೂ ಸುಳ್ಳು.

"ಒಂದು ಮಾತು ಹೇಳ್ತೀನಿ," ಎಂದರು ಶಿವಕುಮಾರಪ್ಪ, ದನಿ ತಗ್ಗಿಸಿ. "ಸುರುಳಿ ಸಿಗಲಿಲ್ಲ ಅನ್ನಿ. ನಿಮ್ಮ ಹೆಸರೂ ಉಳೀತೈತೆ, ನನ್ನದೂ ಉಳೀತೈತೆ. ಆ ಹುಡುಗಿಗೆ ಕೆಲಸ ಹೋಗದಂಗೆ ನೋಡ್ಕಂತೀನಿ, ಬೇರೆ ಊರಿಗೆ ಹಾಕಿಸ್ತೀನಿ."

"ಸುದ್ದಿ ಬಚ್ಚಿಟ್ಟು ಮನುಷ್ಯನ್ನ ಕೊಂದೋಳು ಅನ್ನೋ ಹೆಸರು?"

ಅವರು ಸುರುಳಿಯನ್ನು ಇನ್ನೊಂದು ಸುತ್ತು ಸುತ್ತಿದರು.

"ಆ ಹೆಸರೂ ಅವಳ ಜೊತೆ ಬೇರೆ ಊರಿಗೆ ಹೋಗತೈತಲ್ವಾ ಸಾರ್?" ಎಂದು ಸುರುಳಿಗೆ ಕೈಹಾಕಿದೆ. ಅವರೂ ಬಿಡಲಿಲ್ಲ. ನಾನು ಒಬ್ಬನೇ ಹನ್ನೆರಡು ಮಂದಿಯನ್ನು ಸದೆಬಡಿದವನಲ್ಲವೇ? ಒಬ್ಬ ಬಡಕಲು ಇಂಜಿನಿಯರ್ ಕೈಯಿಂದ ಕಾಗದ ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ. ಚರ್ರೆಂದು ಹರಿಯಿತು.

ಒಳತುದಿ ನನ್ನ ಕೈಯಲ್ಲಿ. ಹೊರತುದಿ ಅವರ ಕೈಯಲ್ಲಿ.

ಹೊರಗೆ ಜೀಪು ನಿಂತ ಸದ್ದು. ಶಿವಕುಮಾರಪ್ಪನವರು ತಮ್ಮ ಕೈಯ ಕಾಗದವನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡರು. ಅವರ ಕಣ್ಣು ತುಂಬಿತ್ತು. ಆದರೂ ತುರುಕಿಕೊಂಡರು.

"ಕಂಪ್ಯೂಟರ್ ಪಟ್ಟಿ ನನ್ನ ಕೈಯಾಗೈತೆ. ನನ್ನ ಹೆಸರು ಹೇಳಿದ್ರೆ ಯಾರು ನಂಬ್ತಾರೆ ಓಬಳೇಶಪ್ನೋರೆ? ನಿಮ್ಮ ಮಾತನ್ನ ಹತ್ತರಿಂದ ಭಾಗಿಸಿ ಕೇಳೋ ಊರು ಇದು," ಎಂದು ಬಾಗಿಲು ತೆಗೆದು ಹೋದರು.

ಹದಿಮೂರು ಹೋಯಿತು. ಅದರ ಜೊತೆ ಮೂರು ಮೂವತ್ತನಾಲ್ಕರ ಎಚ್ಚರಿಕೆಯೂ ಹೋಯಿತು; ಏಕನಾಥಮ್ಮನ ಪಾಲಿಗೆ ಇದ್ದದ್ದೊಂದೇ ಸಾಕ್ಷಿ. ನನ್ನ ಮುಷ್ಟಿಯಲ್ಲಿ ಉಳಿದದ್ದು ನನ್ನ ಹೆಸರಿನ ಒಂಬತ್ತು ಪ್ರತಿ.

ನಾಲ್ಕಕ್ಕೆ ಸರಿಯಾಗಿ ಕರೆದರು. ಉದ್ದನೆಯ ಮೇಜಿನ ಆಚೆ ಬೆಂಗಳೂರಿನಿಂದ ಬಂದ ಸಾಹೇಬರು, ಅವರ ಎಡಕ್ಕೆ ಶಿವಕುಮಾರಪ್ಪ. ಗೋಡೆಯ ಪಕ್ಕದ ಬೆಂಚಿನ ಮೇಲೆ ಏಕನಾಥಮ್ಮ. ಬೆಳಿಗ್ಗೆಯೆಲ್ಲ ಹೊರಗಿನ ಜಗಲಿಯಲ್ಲಿ ಕುಳಿತಿದ್ದ ಜುಂಜಮ್ಮ ಈಗ ಅವಳ ಪಕ್ಕದಲ್ಲೇ ಕುಳಿತಿದ್ದಳು. ಹಿಂದೆ ಮಾರಣ್ಣ.

"ಇವರ ಪರ ಬಂದ ಪತ್ತೇದಾರರು ನೀವೇ ಅಲ್ಲವೇ? ಏನಾದರೂ ಪತ್ತೆ ಆಯಿತೇ?" ಎಂದರು ಸಾಹೇಬರು.

"ಆಯಿತು ಸಾರ್." ಕಾಗದವನ್ನು ಮೇಜಿನ ಮೇಲಿಟ್ಟೆ. ಆಮೇಲೆ ತಿರುಗಿ ಜುಂಜಮ್ಮನ ಮುಂದೆ ಹೋಗಿ ನಿಂತೆ. "ತಾಯಿ, ಅದರಾಗೆ ಇರೋ ಹೆಸರು ಓಬಳೇಶಪ್ಪ. ನಂದೇ. ಹಿಂದೆ ನಿಂತು ಕೂಗಿ ಅಟ್ಟಿದೋನು ನಾನೇ."

ಜುಟ್ಟು ಹಿಡಿದು ತಂದು ಕಾಲಿಗೆ ಕೆಡವುತ್ತೇನೆ ಎಂದಿದ್ದೆ. ನಾನೇ ಬಿದ್ದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಮುಗಿದಿದ್ದ ಆ ಕೈಗಳು ಮಡಿಲಲ್ಲಿ ಬಿದ್ದಿದ್ದವು.

ಸಾಹೇಬರು ಕಾಗದವನ್ನು ತಿರುವಿ ನೋಡಿದರು. "ಇದನ್ನು ಎಷ್ಟು ಸಲ ಕಳಿಸಿದಿರಿ?"

ಒಂದನ್ನು ಹನ್ನೆರಡು ಮಾಡಿ ಬದುಕಿದವನು ನಾನು. ಒಂಬತ್ತು ಎಂದರೆ ಎರಡು ಹದಿನಾರರ ಮೇಲಿನ ಹೊತ್ತೆಲ್ಲ ಏಕನಾಥಮ್ಮನ ತಲೆಗೆ ಬರುತ್ತದೆ. ಶಿವಕುಮಾರಪ್ಪ ಎಂದರೆ ಕೈಯಲ್ಲಿ ಕಾಗದವಿಲ್ಲ. ನನ್ನ ಜನ್ಮದ ಉತ್ಪ್ರೇಕ್ಷೆಗಳಲ್ಲಿ ಒಂದಾದರೂ ಒಬ್ಬರ ಕೆಲಸಕ್ಕೆ ಬರಲಿ ಎಂದುಕೊಂಡೆ.

"ಇಪ್ಪತ್ತೆರಡು ಸಲ ಸಾರ್. ಒಂದು ಬಿಡದೆ ಎಲ್ಲ ನನ್ನವೇ. ಉಳಿದ ಕಾಗದ ಹರಿದುಹೋಯಿತು. ಮೂರೂವರೆ ತನಕ ಅದೇ ಬಡಿದಿದೆ. ಈ ಹೆಣ್ಮಗಳ ತಪ್ಪು ಎಳ್ಳಷ್ಟೂ ಇಲ್ಲ."

ಶಿವಕುಮಾರಪ್ಪನವರು ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕೈ ಎದೆಯ ಹತ್ತಿರ ಹೋಯಿತು. ತೆಗೆಯುತ್ತಾರೆ, ತೆಗೆದೇ ಬಿಡುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮಾರಣ್ಣ ಎದ್ದು ನಿಂತ. ಅವನ ಮುಖದಲ್ಲಿ ನನ್ನ ಮೇಲಿನ ಅಕ್ಕರೆ ಉಕ್ಕುತ್ತಿತ್ತು.

"ಸುಳ್ಳು ಸಾರ್! ನಮ್ಮ ಓಬಳೇಶಣ್ಣಂದು ಬಾಯಿ ದೊಡ್ಡದು, ಎಲ್ಲಾದ್ನೂ ಏರ್ಸಿ ಹೇಳೋದು ಅವರ ಚಾಳಿ. ಒತ್ತಿದ್ದು ನನ್ನ ಕೈ, ನಾನು ಎಣಿಸೀನಿ. ಒಂಬತ್ತೇ ಸಲ. ಒಂದೂವರೆ ಬಸ್ಸಿಗೆ ನಾನೇ ಹೋಗಿ ಹತ್ತಿಸಿ ಬಂದೆ. ದೇವರಾಣೆ!"

ಸಾಹೇಬರು ಮೇಜಿನ ಮೇಲಿನ ಪ್ರತಿಗಳನ್ನು ಬೆರಳಿಟ್ಟು ಎಣಿಸಿದರು. ಒಂಬತ್ತು. ಪೆನ್ಸಿಲಿನಿಂದ ಏನೋ ಗುಣಿಸಿದರು. ನನ್ನ ಕಡೆ ನೋಡಿದ ನೋಟದಲ್ಲಿ ಇನ್ನು ನನ್ನ ಯಾವ ಮಾತಿಗೂ ಜಾಗವಿರಲಿಲ್ಲ.

ಶಿವಕುಮಾರಪ್ಪನವರ ಕೈ ಎದೆಯಿಂದ ಮೆಲ್ಲಗೆ ಕೆಳಗಿಳಿದು ಮೇಜಿನ ಮೇಲೆ ಕುಳಿತಿತು.

"ಒಂಬತ್ತಾದರೆ ಎರಡು ಹದಿನಾರಕ್ಕೆ ಮುಗಿಯಿತು," ಎಂದರು ಸಾಹೇಬರು, ಏಕನಾಥಮ್ಮನ ಕಡೆ ತಿರುಗಿ. "ಅಲ್ಲಿಂದ ಆ ಮನುಷ್ಯ ಸಾಯುವ ತನಕ ನೀವು ಏನು ಮಾಡುತ್ತಿದ್ದಿರಿ?"

ಜುಂಜಮ್ಮ ಏಕನಾಥಮ್ಮನ ಪಕ್ಕದಿಂದ ನಿಧಾನವಾಗಿ ಎದ್ದು, ಅವಳಿಂದ ದೂರ ಸರಿದು ನಿಂತಳು.